ಅರ್ಧ ಮಾತ್

ನಮ್ಮ ಮನೆಯ ಚದುರಂಗದ ಡಬ್ಬಿಯಲ್ಲಿ 32 ಕಾಯಿಗಳ ಪೈಕಿ 15 ಉಳಿದಿವೆ. ಎಣಿಸಿಯೇ ಹೇಳ್ತಿದ್ದೇನೆ. ಬಿಳಿ ಕಡೆ ರಾಜ, ರಾಣಿ, ಒಂದು ಒಂಟೆ, ಒಂದು ಕುದುರೆ, ಮೂರು ಸಿಪಾಯಿ. ಕರಿ ಕಡೆ ರಾಜ, ರುಂಡ ಇಲ್ಲದ ಒಂದು ಕುದುರೆ, ಆರು ಸಿಪಾಯಿ. ಉಳಿದವು ಎಲ್ಲಿ ಹೋದವು ಅಂತ ಕೇಳಬೇಡಿ. ಎರಡು ಸಲ ಮನೆ ಬದಲಿಸಿದ್ದೇವೆ, ಒಂದು ಮಗು ಬೆಳೆಸಿದ್ದೇವೆ, ಇಲಿಗಳಂತೂ ನಮಗಿಂತ ಮೊದಲೇ ಇದ್ದವು.

ಹೊಸ ಸೆಟ್ ತರೋಣ ಅಂತ ಒಂದು ಭಾನುವಾರ ಸೂಪರ್ ಮಾರ್ಕೆಟ್‌ಗೆ ಹೋಗಿದ್ದೆ. ಪರ ಊರಿನವರಿಗೆ ಒಂದು ಮಾತು: ಕಲಬುರಗಿಯ ಸೂಪರ್ ಮಾರ್ಕೆಟ್ ಅಂದರೆ ಎಸಿ ಅಂಗಡಿ ಅಲ್ಲ, ಊರಿನ ದೊಡ್ಡ ಪೇಟೆ. ಮೇ ತಿಂಗಳು, 44 ಡಿಗ್ರಿ ಬಿಸಿಲು. ಮೊದಲ ಅಂಗಡಿ ತಲುಪುವಷ್ಟರಲ್ಲಿ ನನಗೆ ಯಾಕೆ ಬಂದೆ ಅನ್ನೋದೇ ಮರೆತುಹೋಯಿತು. ಮನೆಗೆ ಬಂದಾಗ ಕೈಯಲ್ಲಿ ಒಂದು ಮಣ್ಣಿನ ಗಡಿಗೆ ಇತ್ತು. ನೀರು ತಂಪಾಗಿತ್ತು, ಅದು ಬೇರೆ ಮಾತು.

ಈ ಮರದ ಕಾಯಿಗಳು ನಮ್ಮ ಮುತ್ಯಾನವು. ಮುತ್ಯಾ ಆಡುತ್ತಿದ್ದದ್ದು ಹಳೆಯ ದೇಸಿ ಆಟ. ಅದರಲ್ಲಿ ಸಿಪಾಯಿ ಮೊದಲ ನಡೆಯಲ್ಲೂ ಒಂದೇ ಮನೆ ಮುಂದೆ ಹೋಗಬೇಕು. ರಾಜ ಇಡೀ ಆಟದಲ್ಲಿ ಒಂದೇ ಒಂದು ಸಲ, ಅದೂ ಚೆಕ್, ಅಂದರೆ ರಾಜನ ಮೇಲೆ ಏಟು, ಬೀಳುವ ಮೊದಲು, ಕುದುರೆಯ ಹಾಗೆ ಜಿಗಿಯಬಹುದು. ಎದುರಾಳಿಯ ಕಾಯಿಗಳೆಲ್ಲಾ ಸತ್ತು ರಾಜ ಒಬ್ಬನೇ ಉಳಿದರೆ ಅದಕ್ಕೆ ‘ಬುರ್ದ್’ ಅಂತ ಹೆಸರು. ಅಂದರೆ ಅರ್ಧ ಮಾತ್. ಪೂರ್ತಿ ಮಾತ್ ಅಂದರೆ ಚೆಕ್ ಬಿದ್ದ ರಾಜನಿಗೆ ತಪ್ಪಿಸಿಕೊಳ್ಳಲು ದಾರಿಯೇ ಇಲ್ಲದ ಹಾಗೆ ಮಾಡಿ ಆಟ ಗೆಲ್ಲೋದು. ಮುತ್ಯಾನಿಗೆ ಅಷ್ಟು ಸಾಕಾಗಿತ್ತು. ಬುರ್ದ್ ಆದ ತಕ್ಷಣ ರುಮಾಲು ಸುತ್ತಿಕೊಂಡು ಚಹಾ ಕುಡಿಯಲು ಎದ್ದುಬಿಡುತ್ತಿದ್ದ. ಅಪ್ಪನೂ ಹಾಗೇ. ಹೀಗಾಗಿ ನಮ್ಮ ಮನೆತನದಲ್ಲಿ ಒಬ್ಬಂಟಿ ರಾಜನನ್ನು ಹಿಡಿದು ಕಟ್ಟಿಹಾಕುವ ವಿದ್ಯೆ ಯಾರಿಗೂ ಗೊತ್ತಿರಲಿಲ್ಲ. ನಮ್ಮ ಗೇಟಿಗೆ ಅರ್ಧ ಬಣ್ಣ ಬಳಿದು ನಾಲ್ಕು ವರ್ಷ ಆಯ್ತು. ಅದೂ ರಕ್ತದಲ್ಲೇ ಬಂದಿರಬೇಕು.

ಈ ವಿದ್ಯೆ ನನಗೆ ಕಲಿಸಲು ಹೊರಟವರು ಎದುರು ಮನೆಯ ಗಾರ್ಡ್ ಚಾಚಾ. ರೈಲ್ವೆಯಲ್ಲಿ ಗೂಡ್ಸ್ ಗಾಡಿಯ ಗಾರ್ಡ್ ಆಗಿದ್ದು ನಿವೃತ್ತರಾದವರು. ಸೊಲ್ಲಾಪುರ, ಕಲಬುರಗಿ, ವಾಡಿ, ಇದೇ ಅವರ ಲೋಕ. ಗಾಡಿ ಸಿಗ್ನಲ್ ಇಲ್ಲದೆ ಗಂಟೆಗಟ್ಟಲೆ ನಿಂತಾಗ ಚದುರಂಗವೇ ಅವರ ಜೊತೆ. ಜೀವನವಿಡೀ ಗಾಡಿಯ ಕೊನೆಯ ಡಬ್ಬಿಯಲ್ಲೇ ಕೂತವರು, ಹಾಗಾಗಿ ಆಟದ ಕೊನೆಯೂ ಅವರಿಗೇ ಚೆನ್ನಾಗಿ ಗೊತ್ತು ಅಂತ ನನ್ನ ಲೆಕ್ಕಾಚಾರ. ನಾನು ಕಪನೂರಿನ ಒಂದು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯೋನು. ತೊಗರಿ ಹಂಗಾಮಿನ ಗದ್ದಲ ಮುಗಿದ ಮೇಲೆ ಬೇಸಿಗೆಯಲ್ಲಿ ಮಧ್ಯಾಹ್ನ ಸ್ವಲ್ಪ ಬಿಡುವು. ಆ ಹೊತ್ತಿಗೆ ಬ್ರಹ್ಮಪುರದ ನಮ್ಮ ಗಲ್ಲಿಯಲ್ಲಿ ನಾಯಿಯೂ ಓಡಾಡಲ್ಲ. ಓಡಾಡುತ್ತಿದ್ದದ್ದು ಚಾಚಾ ಒಬ್ಬರೇ, ಅದೂ ಅವರ ಬಾಗಿಲಿಂದ ನಮ್ಮ ಬಾಗಿಲಿಗೆ.

ಅವತ್ತು ಡಬ್ಬಿ ತೆರೆದು ನೋಡಿ ಅವರೇನೂ ಬೇಸರ ಪಡಲಿಲ್ಲ. “ಪೂರಾ ಫೌಜ್ ಯಾಕ್ ಬೇಕು ಬೇಟಾ? ಇದ್ದಷ್ಟರಾಗ ಆಡೋಣ. ನಿನಗ ಬಾದಷಾ, ರಾಣಿ ಎರಡೂ ಇರ್ಲಿ. ನನಗ ಬರೀ ಬಾದಷಾ ಸಾಕು” ಅಂದರು. ಪಣ ಒಂದು ಪ್ಲೇಟ್ ಮಿರ್ಚಿ ಭಜಿ. ನಾನು ಮಾತ್ ಮಾಡಿದರೆ ಅವರು ತರಿಸಬೇಕು. ಡ್ರಾ ಆದರೂ ನಾನೇ ತರಿಸಬೇಕು.

ನನಗೆ ನಗು ಬಂತು. ರಾಣಿ ಇಟ್ಟುಕೊಂಡು ಒಬ್ಬ ಮುದಿ ರಾಜನನ್ನು ಹಿಡಿಯೋಕಾಗಲ್ವಾ? ಚೆಕ್ ಕೊಟ್ಟೆ. ರಾಜ ಸರಿದ. ಮತ್ತೆ ಚೆಕ್. ಮತ್ತೆ ಸರಿದ. ಹದಿನೈದು ಚೆಕ್ ಕೊಟ್ಟ ಮೇಲೂ ಅವರ ರಾಜ ಬೋರ್ಡಿನ ನಟ್ಟನಡುವೆ ಶರಣಬಸವೇಶ್ವರ ಜಾತ್ರೆಯಲ್ಲಿ ಬಳೆ ಅಂಗಡಿ ನೋಡುವವರ ಹಾಗೆ ಅಡ್ಡಾಡುತ್ತಿದ್ದ. ನನ್ನ ರಾಜ ಇನ್ನೂ ಹುಟ್ಟಿದ ಮನೆಯಲ್ಲೇ ಕೂತಿದ್ದ. ಕೊನೆಗೆ ಹೇಗೋ ಅವರು ಮೂಲೆಗೆ ಹೋದರು. ರಾಣಿಯನ್ನು ಟಪ್ ಅಂತ ಇಟ್ಟು “ಮುಗೀತು ಚಾಚಾ, ಎಲ್ಲಿಗೂ ಹೋಗೋಕೆ ಜಾಗ ಇಲ್ಲ” ಅಂದೆ.

“ಜಾಗಾ ಇಲ್ಲ, ಖರೇ ಅದ. ಆದ್ರ ಷಹ್ ಎಲ್ಲಿ ಅದ?”

ನೋಡಿದೆ. ಚೆಕ್ ಇರಲಿಲ್ಲ. ರಾಜನ ಮೇಲೆ ಏಟು ಬಿದ್ದಿಲ್ಲ, ಆದರೆ ಸರಿಯಲು ಮನೆಯೂ ಇಲ್ಲ. ಸ್ಟೇಲ್‌ಮೇಟ್. ಚಾಚಾ ಅದಕ್ಕೆ ‘ಜಿಚ್’ ಅಂತಾರೆ. ಯಾರಾದರೂ ತಲೆ ತಿಂದು ಸುಸ್ತು ಮಾಡಿದರೂ ಅವರ ಭಾಷೆಯಲ್ಲಿ ಅದೇ ಶಬ್ದವಂತೆ. ನನಗೆ ಎರಡೂ ಅರ್ಥ ಒಟ್ಟಿಗೇ ಹೊಂದಿದವು. 44 ಡಿಗ್ರಿ ಬಿಸಿಲಲ್ಲಿ ತಲೆ ಮೇಲೆ ಟವೆಲ್ ಹಾಕಿಕೊಂಡು ಸ್ಟೇಷನ್ ಬಜಾರ್‌ಗೆ ಹೋಗಿ ಭಜಿ ತಂದೆ. ಆ ಬಿಸಿಲಲ್ಲಿ ಮಿರ್ಚಿ ತಿನ್ನೋ ಊರು ನಮ್ಮದೊಂದೇ ಇರಬೇಕು.

ಇಂಗ್ಲೆಂಡಿನಲ್ಲಿ ಒಂದು ಕಾಲಕ್ಕೆ, ಸುಮಾರು ಇನ್ನೂರು ವರ್ಷ, ಹೀಗೆ ಜಿಚ್ ಮಾಡಿದವನೇ ಸೋತ ಹಾಗೆ ಲೆಕ್ಕ ಇಡುತ್ತಿದ್ದರು. ಈಗಿನ ನಿಯಮದಲ್ಲಿ ಅರ್ಧ ಅಂಕವಾದರೂ ಸಿಗುತ್ತದೆ. ನಾನು ಸರಿಯಾದ ಕಾಲದಲ್ಲೇ ಹುಟ್ಟಿದ್ದೇನೆ.

ಮರುದಿನ ಚಾಚಾ ಗುಟ್ಟು ಹೇಳಿಕೊಟ್ಟರು. ಚೆಕ್ ಕೊಡಲೇಬಾರದು. ರಾಣಿಯನ್ನು ಎದುರಾಳಿ ರಾಜನಿಂದ ಒಂದು ಕುದುರೆ ನಡೆಯಷ್ಟು (ಎರಡು ಮನೆ ನೇರ, ಒಂದು ಮನೆ ಪಕ್ಕಕ್ಕೆ) ದೂರ ಇಡಬೇಕು. ಆಮೇಲೆ ಅವನು ಯಾವ ಕಡೆಗೆ ಹೆಜ್ಜೆ ಹಾಕಿದರೆ ರಾಣಿಯೂ ಅದೇ ಕಡೆಗೆ ಅಷ್ಟೇ ಹೆಜ್ಜೆ ಹಾಕಬೇಕು. ಅವನು ಎಡಕ್ಕೆ, ನಾನೂ ಎಡಕ್ಕೆ. ಅವನು ಕೆಳಗೆ, ನಾನೂ ಕೆಳಗೆ. ಹುಡುಗಿ ನೋಡಲು ಹೋದಾಗ ಹಿರಿಯರು ಕೂತರೆ ಕೂರೋದು, ಎದ್ದರೆ ಏಳೋದು, ಆ ಥರ. ಹೀಗೆ ನಕಲು ಮಾಡ್ತಾ ಹೋದರೆ ರಾಜನ ಜಾಗ ತಾನಾಗೇ ಕಮ್ಮಿಯಾಗಿ ಮೂಲೆ ಸೇರ್ತಾನೆ.

ಎಂಥಾ ಸುಲಭ! ನಕಲು ಮಾಡೋದು ನನಗೆ ಶಾಲೆಯಿಂದಲೇ ಅಭ್ಯಾಸ. ಅವರು ಸರಿದರು, ನಾನು ಸರಿದೆ. ಅವರು ಮೂಲೆಗೆ ಬಂದರು, ನಾನೂ ಅದೇ ಉತ್ಸಾಹದಲ್ಲಿ ಇನ್ನೊಂದು ಹೆಜ್ಜೆ ಇಟ್ಟೆ.

ಚಾಚಾ ಭಜಿಗೆ ಯಾವ ಚಟ್ನಿ ಬೇಕು ಅಂತ ಹೇಳತೊಡಗಿದರು.

ರಾಜ ಮೂಲೆಯಲ್ಲಿದ್ದಾಗ ರಾಣಿ ಕುದುರೆ ನಡೆಯಷ್ಟು ದೂರದಲ್ಲಿ ನಿಂತರೆ ಅದೇ ಜಿಚ್! ಇಡೀ ಬೋರ್ಡಿನಲ್ಲಿ ಸರಿಯಾಗಿದ್ದ ಉಪಾಯ ಆ ಒಂದು ಮನೆಯಲ್ಲಿ ಮಾತ್ರ ತಪ್ಪು. ಅಲ್ಲಿ ರಾಣಿಯನ್ನು ತಡೆದು, ರಾಜನಿಗೆ ಮೂಲೆ ಮತ್ತು ಅದರ ಪಕ್ಕದ ಮನೆ ಎರಡನ್ನು ಬಿಟ್ಟುಕೊಡಬೇಕು. ಅವನು ಆ ಎರಡು ಮನೆಗಳ ನಡುವೆ ಬಚ್ಚಲು ಅಡುಗೆಮನೆ ಅಂತ ಓಡಾಡಿಕೊಂಡಿರಲಿ. ಅಷ್ಟರಲ್ಲಿ ನಮ್ಮ ರಾಜ ನಿಧಾನವಾಗಿ ನಡೆದು ಬಂದು ಹತ್ತಿರ ನಿಲ್ಲಬೇಕು. ಆಗ ರಾಣಿ ಎದುರಾಳಿಯ ಮುಖದ ಮುಂದೆಯೇ ಹೋಗಿ ಕೂರಬಹುದು, ಹಿಂದೆ ಯಜಮಾನ ಇದ್ದಾನಲ್ಲ. ಸರಿಯಾಗಿ ಆಡಿದರೆ ಎಂಥ ಸ್ಥಿತಿಯಿಂದಲೂ ಹೆಚ್ಚೆಂದರೆ 10 ನಡೆಯಲ್ಲಿ ಮಾತ್. ನನಗೆ ಮೂರು ದಿನ, ನಾಲ್ಕು ಪ್ಲೇಟ್ ಭಜಿ ಬೇಕಾಯಿತು. ಐದನೇ ಪ್ಲೇಟ್ ಚಾಚಾ ತರಿಸಿದರು. ಅದರ ರುಚಿಯೇ ಬೇರೆ.

ಮುಂದಿನ ಪಾಠ ಎರಡು ಆನೆಗಳದ್ದು. ನಮ್ಮಲ್ಲಿ ಆನೆ ಒಂದೂ ಇರಲಿಲ್ಲ. ಒಂದು ಆನೆಗೆ ಟಾರ್ಚಿನ ದಪ್ಪ ಸೆಲ್ ಹಾಕಿಕೊಂಡೆವು. ಇನ್ನೊಂದಕ್ಕೆ ಅದರಷ್ಟೇ ಗಾಂಭೀರ್ಯ ಇರುವ ವಸ್ತು ಬೇಕಲ್ಲ, ಕುಕ್ಕರಿನ ಸೀಟಿ ತಂದಿಟ್ಟೆ.

ಎರಡು ಆನೆ ಇದ್ದರೆ ರಾಜನ ಸಹಾಯವೂ ಬೇಡ. ಹೊಲದಲ್ಲಿ ಕುಂಟೆ ಹೊಡೆದ ಹಾಗೆ ಸಾಲು ಸಾಲಾಗಿ ಹೋಗೋದು. ಒಂದು ಆನೆ ಒಂದು ಸಾಲನ್ನು ಕಾಯುತ್ತೆ, ಇನ್ನೊಂದು ಮುಂದಿನ ಸಾಲಿನಲ್ಲಿ ಚೆಕ್ ಕೊಡುತ್ತೆ. ರಾಜ ಹಿಂದೆ ಸರಿಯಲೇಬೇಕು. ಆಮೇಲೆ ಹಿಂದಿನ ಆನೆ ಮುಂದಕ್ಕೆ. ರಾಜ ಸಿಟ್ಟಿನಿಂದ ಆನೆಯ ಹತ್ತಿರ ಬಂದರೆ ಆನೆ ಅದೇ ಸಾಲಿನ ಇನ್ನೊಂದು ತುದಿಗೆ ಓಡಿಹೋಗಬೇಕು, ಅಷ್ಟೇ. ನನ್ನ ಸೆಲ್ಲು ಆರನೇ ಸಾಲು ಕಾಯುತ್ತಿತ್ತು. ಸೀಟಿ ಏಳನೇ ಸಾಲಿನಲ್ಲಿ ಚೆಕ್ ಕೊಟ್ಟಿತ್ತು. ಚಾಚಾರ ರಾಜ ಎಂಟನೇ ಸಾಲಿಗೆ, ಅಂದರೆ ಗೋಡೆಗೆ, ಬೆನ್ನು ಹಚ್ಚಿ ನಿಂತಿದ್ದ. ಇನ್ನೊಂದೇ ನಡೆ. ನಾನು ಸೆಲ್ಲಿಗೆ ಕೈ ಹಾಕಿದೆ.

ಹೆಂಡತಿಯ ಕೈ ನನ್ನ ತಲೆಯ ಮೇಲಿಂದ ಬಂದು ಸೀಟಿ ಎತ್ತಿಕೊಂಡಿತು.

“ಅರ್ಧಾ ತಾಸಿಂದ ಹುಡುಕ್ಲತ್ತೀನಿ. ಬ್ಯಾಳಿ ಇಡಬೇಕು.”

“ಏ, ಅದು ಆನೆ! ಒಂದೇ ಒಂದು ನಡೆ…”

“ಆನೀನ ಆಮ್ಯಾಲ ಕಳಸ್ತೀನಿ. ಮೊದಲ ಬ್ಯಾಳಿ ಬೇಯಲಿ.”

ಕಲಬುರಗಿ ತೊಗರಿ ಬೇಳೆ ಅಂದರೆ ಸಾಮಾನ್ಯವಲ್ಲ, 2019ರಲ್ಲಿ ಜಿಐ (ಭೌಗೋಳಿಕ ಗುರುತು) ಟ್ಯಾಗ್ ಪಡೆದ ಬೇಳೆ. ಅಂಥಾ ಬೇಳೆಯ ಮುಂದೆ ನನ್ನ ಮಾತ್ ಯಾವ ಲೆಕ್ಕ? ಚಾಚಾ ತಮ್ಮ ರಾಜನನ್ನು ಏಳನೇ ಸಾಲಿಗೆ ವಾಪಸ್ ತಂದು “ಇನ್ನ ಒಂದು ಆನೆಯ ಪಾಠ ಸುರು” ಅಂದರು.

ಒಂದು ಆನೆಯ ಮಾತ್‌ಗೆ ಹೆಚ್ಚೆಂದರೆ 16 ನಡೆ ಅಂತೆ. ಈ ಲೆಕ್ಕಗಳನ್ನೆಲ್ಲಾ ಹೇಳುತ್ತಿದ್ದವಳು ನನ್ನ ಮಗಳು. ಏಳನೇ ಕ್ಲಾಸು. ರಾಜರನ್ನೂ ಸೇರಿಸಿ ಬೋರ್ಡಿನಲ್ಲಿ ಏಳು ಕಾಯಿ ಉಳಿಯುವವರೆಗಿನ ಎಲ್ಲಾ ಸ್ಥಿತಿಗಳನ್ನೂ ಕಂಪ್ಯೂಟರ್‌ಗಳು ಲೆಕ್ಕ ಹಾಕಿ ಮುಗಿಸಿವೆ ಅಂತ ಅವಳೇ ಹೇಳಿದ್ದು. ಹೇಳುವಾಗ ನನ್ನನ್ನು ಅವಳು ನೋಡಿದ ರೀತಿ ನನಗೆ ಸರಿ ಬರಲಿಲ್ಲ.

ಇಲ್ಲಿ ಆನೆ ಒಂದು ಕೊಟ್ಟಿಗೆ ಕಟ್ಟುತ್ತದೆ. ಅಡ್ಡಕ್ಕೊಂದು ಬೇಲಿ, ಉದ್ದಕ್ಕೊಂದು ಬೇಲಿ. ಎದುರಾಳಿ ರಾಜ ಆ ಕೊಟ್ಟಿಗೆಯೊಳಗೆ. ಬೇಲಿಯನ್ನು ಒಂದೊಂದೇ ಮನೆ ಒಳಕ್ಕೆ ತರುತ್ತಾ ಹೋಗಬೇಕು. ಆದರೆ ಆನೆ ಓರೆಯಾಗಿ ನೋಡಲಾರದು. ಎದುರಾಳಿ ರಾಜ ಓರೆಯಿಂದ ಬಂದು ಅದರ ಪಕ್ಕ ನಿಂತರೆ, ಕಾಯೋಕೆ ನಮ್ಮ ರಾಜ ಹತ್ತಿರ ಇಲ್ಲದಿದ್ದರೆ, ಆನೆ ಹೋಯಿತು. ನನ್ನದೂ ಹೋಯಿತು. ಚಾಚಾ ಸೆಲ್ ಎತ್ತಿ ಜೇಬಿಗೆ ಇಳಿಸಿದರು. ಬೋರ್ಡಿನ ಮೇಲೆ ಇಬ್ಬರು ರಾಜರು ಮಾತ್ರ. ಇಬ್ಬರು ರಾಜರು ಯಾವತ್ತೂ ಅಕ್ಕಪಕ್ಕ ನಿಲ್ಲುವ ಹಾಗಿಲ್ಲ, ನಡುವೆ ಒಂದು ಮನೆಯಾದರೂ ಖಾಲಿ ಇರಬೇಕು. ಹೊಲ ಪಾಲಾದ ಅಣ್ಣತಮ್ಮಂದಿರು ಮದುವೆ ಪಂಕ್ತಿಯಲ್ಲಿ ಕೂತ ಹಾಗೆ ಇಬ್ಬರೂ ದೂರ ದೂರ ಕೂತಿದ್ದರು.

ಆ ರಾತ್ರಿ ಕರೆಂಟ್ ಹೋಯಿತು. ಟಾರ್ಚ್ ಹತ್ತಲಿಲ್ಲ. ಸೆಲ್ ಎಲ್ಲಿ ಅಂತ ಹೆಂಡತಿ ಕೇಳಿದಳು. “ಚಾಚಾ ಹೊಡೆದುಬಿಟ್ಟರು” ಅಂದೆ. ಕತ್ತಲಲ್ಲಿ ಅವಳ ಮುಖ ಕಾಣಲಿಲ್ಲ, ಒಳ್ಳೆಯದೇ ಆಯ್ತು.

ಆನೆಯ ಪಾಠದಲ್ಲಿ ನನಗೆ ತುಂಬಾ ಹಿಡಿಸಿದ್ದು ಒಂದು ಸಂಗತಿ. ಇಬ್ಬರು ರಾಜರೂ ಎದುರುಬದುರು, ನಡುವೆ ಒಂದೇ ಮನೆ. ಆಗ ಆನೆ ಪಕ್ಕದಿಂದ ಚೆಕ್ ಕೊಟ್ಟರೆ ಎದುರಾಳಿ ಒಂದು ಸಾಲು ಹಿಂದೆ ಹೋಗಲೇಬೇಕು, ಬೇರೆ ದಾರಿ ಇಲ್ಲ. ಆದರೆ ಆ ಎದುರುಬದುರು ಸುಮ್ನೆ ಬರಲ್ಲ. ಕೆಲವು ಸಲ ಒಂದು ನಡೆ ಲೆಕ್ಕ ತಪ್ಪಿರುತ್ತೆ. ನಾವಾಗಿ ರಾಜನನ್ನು ಮುಂದಿಟ್ಟರೆ ಅವನು ನುಣುಚಿಕೊಳ್ತಾನೆ. ಆಗ ಏನು ಮಾಡಬೇಕು? ಏನೂ ಮಾಡಬಾರದು. ಆನೆಯನ್ನು ಅದೇ ಸಾಲಿನಲ್ಲಿ ಒಂದು ಮನೆ ಸರಿಸಿ ಸುಮ್ನೆ ಕೂರಬೇಕು. ಎದುರಾಳಿಗೆ ನಡೆಯದೆ ಗತಿಯಿಲ್ಲ, ತಾನಾಗೇ ಬಂದು ಎದುರು ನಿಲ್ತಾನೆ.

“ಇಲ್ಲಿ ಕೆಲಸಾ ಮಾಡಬಾರದು, ಮಾಡಿದಂಗ ತೋರಸಬೇಕು, ತಿಳೀತಾ?” ಅಂದರು ಚಾಚಾ.

“ಅದೊಂದು ಅವರಿಗಿ ಕಲಿಸೋದ್ ಬ್ಯಾಡ್ರಿ ಚಾಚಾ, ಬರ್ತದ” ಅಂತ ಒಳಗಿನಿಂದ ಧ್ವನಿ ಬಂತು.

ಇದೇ ವಾರ ಆಡಿನ ಪ್ರಕರಣ ನಡೆದದ್ದು. ಬೇಸಿಗೆಯಲ್ಲಿ ನಮ್ಮ ಕಡೆ ಅಂಗಳದ ತುಂಬಾ ಹಪ್ಪಳ, ಸಂಡಿಗೆ, ಶ್ಯಾವಿಗೆ. ಹೆಂಡತಿ ಬೆಳಗಿನಿಂದ ಹೊಸೆದ ಶ್ಯಾವಿಗೆಯನ್ನು ಹಳೆಯ ಸೀರೆಯ ಮೇಲೆ ಹರಡಿ ಒಳಗೆ ಹೋಗಿದ್ದಳು. ಅರ್ಧ ಬಣ್ಣದ ಗೇಟು ಪೂರ್ತಿ ಮುಚ್ಚೋದೂ ಇಲ್ಲ. ಯಾರದೋ ಆಡು ಒಳಗೆ ಬಂದು ಸಂಡಿಗೆಯಿಂದ ಊಟ ಶುರು ಮಾಡಿತ್ತು. ಬೇರೆ ದಿನ ಆಗಿದ್ದರೆ ‘ಹಚಾ’ ಅಂತ ಓಡಿಸ್ತಿದ್ದೆ. ಅವತ್ತು ತಲೆಯಲ್ಲಿ ಕೊಟ್ಟಿಗೆ ಇತ್ತು.

ಮಗಳನ್ನು ಕರೆದೆ. “ನೀನು ರಾಜ. ಆಡಿನ ಎದುರಿಗೆ ನಿಲ್ಲು, ನಡುವೆ ಒಂದು ಮನೆ ಬಿಡು.” ಅಂಗಳದ ಫರಸಿ ಕಲ್ಲುಗಳೇ ಮನೆಗಳು. ನಾನು ಕಸಬರಿಗೆ ಹಿಡಿದು ಆನೆಯಾದೆ. ಪಕ್ಕದಿಂದ ಚೆಕ್ ಕೊಟ್ಟೆ. ನಂಬಿ, ಆಡು ಒಂದು ಸಾಲು ಹಿಂದೆ ಹೋಯಿತು! ಮಗಳು ಮುಂದೆ ಬಂದಳು. ಇನ್ನೊಂದು ಚೆಕ್. ಆಡು ಇನ್ನೊಂದು ಸಾಲು ಹಿಂದೆ. ನೀರಿನ ಡ್ರಮ್ಮು, ಗೋಡೆ ಸೇರುವ ಮೂಲೆಗೆ ಅದನ್ನು ಒತ್ತಿದೆ. ಎಡಕ್ಕೆ ಜಾಗ ಇಲ್ಲ, ಬಲಕ್ಕೆ ಜಾಗ ಇಲ್ಲ. ಕಸಬರಿಗೆ ಎತ್ತಿ “ಷಹ್ ಮಾತ್!” ಅಂದೆ.

ರಾಜನಿಗೂ ಆಡಿಗೂ ಇರುವ ವ್ಯತ್ಯಾಸ ನನಗೆ ಆಗ ಹೊಳೆಯಿತು. ಜಾಗ ಇಲ್ಲದ ರಾಜ ತಲೆ ಬಾಗಿಸ್ತಾನೆ. ಜಾಗ ಇಲ್ಲದ ಆಡು ಕುದುರೆಯ ನಡೆ ನಡೆಯುತ್ತೆ. ಎರಡು ಮನೆ ಮುಂದೆ, ಒಂದು ಮನೆ ಪಕ್ಕಕ್ಕೆ. ಮುಂದಿನ ಎರಡು ಮನೆ ನನ್ನ ಹೆಗಲ ಮೇಲಿಂದ ಹಾದವು, ಪಕ್ಕದ ಒಂದು ಮನೆ ಶ್ಯಾವಿಗೆಯ ಸೀರೆ ಮೇಲೆ ಇಳಿಯಿತು. ಆ ಸೀರೆ ಕೊಂಬಿಗೆ ಸಿಕ್ಕು, ಶ್ಯಾವಿಗೆ ಸಮೇತ ಗಲ್ಲಿ ದಾಟಿತು. ಓಡಿಸೋಕೆ ಗೇಟಿನ ದಾರಿ ಬಿಟ್ಟುಕೊಡಬೇಕಿತ್ತು, ಗೇಟಿಗೆ ಅಡ್ಡ ನಿಂತಿದ್ದೇ ನಾನು. ಆ ವಾರ ನಮ್ಮ ಮನೆಯಲ್ಲಿ ಯಾರೂ ಚದುರಂಗದ ಹೆಸರು ಎತ್ತಲಿಲ್ಲ.

ವಾರ ಕಳೆದ ಮೇಲೆ ಚಾಚಾ ಮೆಲ್ಲಗೆ ಬಂದರು. ಎರಡು ಒಂಟೆಗಳ ಮಾತ್ ಬಿಟ್ಟುಬಿಡೋಣ ಅಂದರು, ನಮ್ಮಲ್ಲಿ ಇದ್ದದ್ದು ಒಂದೇ ಒಂಟೆ. ಅದಕ್ಕೆ ಬಿಳಿ ಮನೆಯದೊಂದು, ಕರಿ ಮನೆಯದೊಂದು ಬೇಕು. ಒಂಟೆ ಹುಟ್ಟಿದ ಬಣ್ಣ ಬಿಡೋ ಪ್ರಾಣಿ ಅಲ್ಲ, ಬಿಳಿ ಮನೆಯಲ್ಲಿ ಇಟ್ಟರೆ ಸಾಯುವವರೆಗೂ ಬಿಳಿ ಮನೆಯಲ್ಲೇ ಓಡಾಡುತ್ತೆ. ಎರಡು ಕುದುರೆಗಳದ್ದೂ ಬೇಡ ಅಂದರು. ಎರಡು ಕುದುರೆ ಇಟ್ಟುಕೊಂಡು ಒಬ್ಬಂಟಿ ರಾಜನನ್ನು ಬಲವಂತವಾಗಿ ಮಾತ್ ಮಾಡೋಕೆ ಆಗೋದೇ ಇಲ್ಲ, ಅವನಾಗಿ ತಪ್ಪು ಹೆಜ್ಜೆ ಇಟ್ಟರೆ ಮಾತ್ರ. ತಮಾಷೆ ಏನಂದರೆ, ಅವನ ಹತ್ತಿರ ಒಂದು ಸಿಪಾಯಿ ಇದ್ದರೆ ಕೆಲವು ಸಲ ಗೆಲ್ಲಬಹುದು. ಯಾಕಂದರೆ ರಾಜನಿಗೆ ಜಾಗ ಇಲ್ಲದಾಗ ಅವನು ಜಿಚ್ ಅನ್ನೋ ಹಾಗಿಲ್ಲ, ಸಿಪಾಯಿಯನ್ನು ನಡೆಸಬೇಕಾಗುತ್ತೆ. ಅಷ್ಟರಲ್ಲಿ ಕುದುರೆಗಳು ಬಂದು ಮುಗಿಸ್ತವೆ. ನಮ್ಮ ಮಿಲ್ಲಿನ ಬಾಕಿ ವಸೂಲಿಯೂ ಥೇಟ್ ಹೀಗೇ. ಪೂರ್ತಿ ಬರಿಗೈಯಾದವನಿಂದ ಒಂದು ಪೈಸೆ ಹುಟ್ಟಲ್ಲ. ಎರಡು ಎಕರೆ ಇಟ್ಟುಕೊಂಡವನು ಸಿಕ್ಕಿಬೀಳ್ತಾನೆ.

ಉಳಿದದ್ದು ಒಂಟೆ ಮತ್ತು ಕುದುರೆಯ ಜೋಡಿ. ನಮ್ಮ ಡಬ್ಬಿಯಲ್ಲಿ ಎರಡೂ ಇದ್ದವು, ಎರಡಕ್ಕೂ ತಲೆ ಇತ್ತು. ಇದು ಕಷ್ಟ ಅಂತ ಚಾಚಾ ಮೊದಲೇ ಹೇಳಿದರು. ಮಗಳು ಅಂಕಿ ಕೊಟ್ಟಳು: ಹೆಚ್ಚೆಂದರೆ 33 ನಡೆ. 2013ರಲ್ಲಿ ಜಿನೀವಾದಲ್ಲಿ ಆಗಿನ ಮಹಿಳಾ ವಿಶ್ವ ಚಾಂಪಿಯನ್ ಅನ್ನಾ ಉಶೆನಿನಾ ಅವರಿಗೇ ಓಲ್ಗಾ ಗಿರ್ಯಾ ಎದುರು ಈ ಮಾತ್ ಆಗದೆ ಆಟ ಡ್ರಾ ಆಯಿತಂತೆ. ಇದನ್ನು ಕೇಳಿ ನನಗೆ ಧೈರ್ಯ ಬಂತು. ವಿಶ್ವ ಚಾಂಪಿಯನ್‌ಗೂ ನನಗೂ ಒಂದು ವಿಷಯದಲ್ಲಾದರೂ ಹೋಲಿಕೆ ಇದೆಯಲ್ಲ.

50 ನಡೆಗಳ ನಿಯಮವೂ ಇದೆ. ಯಾವ ಕಾಯಿಯೂ ಸಾಯದೆ, ಯಾವ ಸಿಪಾಯಿಯೂ ಕದಲದೆ ಇಬ್ಬರೂ ಐವತ್ತೈವತ್ತು ನಡೆ ಆಡಿದರೆ ಡ್ರಾ ಕೇಳಬಹುದು. ಬಾಯಿಲೆಕ್ಕದಲ್ಲಿ ನಮ್ಮಿಬ್ಬರ ನಡುವೆ ಜಗಳ ಬರುತ್ತಿತ್ತು. ಹಾಗಾಗಿ ಒಂದು ಬಟ್ಟಲಲ್ಲಿ 50 ತೊಗರಿ ಕಾಳು ಎಣಿಸಿಟ್ಟೆವು. ನನ್ನ ನಡೆಗೊಂದು ಕಾಳು ಆಚೆ. ಬಟ್ಟಲು ಖಾಲಿಯಾದರೆ ಭಜಿ ನನ್ನ ಲೆಕ್ಕಕ್ಕೆ.

ಈ ಮಾತ್‌ನ ಪೇಚು ಮೂಲೆಯಲ್ಲಿದೆ. ನಾಲ್ಕು ಮೂಲೆಗಳಲ್ಲಿ ಒಂಟೆಯ ಬಣ್ಣದ ಎರಡು ಮೂಲೆಗಳಲ್ಲಿ ಮಾತ್ರ ರಾಜನನ್ನು ಬಲವಂತವಾಗಿ ಮಾತ್ ಮಾಡಬಹುದು. ನನ್ನದು ಬಿಳಿ ಮನೆಯ ಒಂಟೆ, ಅಂದರೆ ಬಿಳಿ ಮೂಲೆಯೇ ಬೇಕು. ಬುದ್ಧಿ ಇರುವ ರಾಜ ಓಡಿಹೋಗಿ ಕರಿ ಮೂಲೆಯಲ್ಲಿ ಕೂರ್ತಾನೆ. ಅಲ್ಲಿಂದ ಅವನನ್ನು ಎಬ್ಬಿಸಿ, ಗೋಡೆಗುಂಟ ತಳ್ಳಿಕೊಂಡು ಬಿಳಿ ಮೂಲೆಗೆ ಕರೆತರಬೇಕು. ಅದಕ್ಕೆ ಕುದುರೆ ಮೇಲೆ ಕೆಳಗೆ, ಮೇಲೆ ಕೆಳಗೆ ಅಂತ ಅಂಕುಡೊಂಕಾಗಿ ಜಿಗಿಯುತ್ತಾ ಹೋಗಬೇಕು. ಒಂಟೆ ದೂರದಿಂದ ಕಿಂಡಿ ಮುಚ್ಚಬೇಕು. ನಮ್ಮ ರಾಜ ಹತ್ತಿರವೇ ಇದ್ದು ಕಾವಲು ಕಾಯಬೇಕು. ಮೂವರಲ್ಲಿ ಒಬ್ಬ ಆಕಳಿಸಿದರೂ ಎದುರಾಳಿ ರಾಜ ಬಯಲಿಗೆ.

ಹನ್ನೊಂದು ಸಲ ಆಡಿದೆ, ಹನ್ನೊಂದು ಸಲವೂ ರಾಜ ಬಯಲಿಗೆ ಹೋದ. ಭಜಿ ಅಂಗಡಿಯವ ನನ್ನನ್ನು ಕಂಡರೆ ಕೇಳದೆಯೇ ಪೊಟ್ಟಣ ಕಟ್ಟುತ್ತಿದ್ದ. ಹನ್ನೆರಡನೇ ಸಲ ಕುದುರೆ ಸರಿಯಾಗಿ ಜಿಗಿಯಿತು. 31 ಕಾಳು ಆಚೆ ಬಂದಾಗ ಚಾಚಾರ ರಾಜ ಗೋಡೆಗುಂಟ ಬಿಳಿ ಮೂಲೆಯ ಹತ್ತಿರ ಬಂದಿದ್ದ. ಹೆಚ್ಚೆಂದರೆ ಇನ್ನು ಆರೇಳು ನಡೆ. ಚಾಚಾರ ಹಣೆಯ ಮೇಲೆ ಬೆವರು. ಸೆಕೆಗೂ ಇರಬಹುದು, ನಾನು ನನಗೆ ಬೇಕಾದ ಹಾಗೆ ಅರ್ಥ ಮಾಡಿಕೊಂಡೆ. ಅಷ್ಟರಲ್ಲಿ ಅವರ ಸೊಸೆ ಬಾಗಿಲಲ್ಲಿ ನಿಂತು ಊರಿಂದ ನೆಂಟರು ಬಂದಿದ್ದಾರೆ ಅಂತ ಕರೆದಳು.

“ನಾಳೆ ಇಲ್ಲಿಂದನೇ ಸುರು. ಕೈ ಹಚ್ಚಬ್ಯಾಡ” ಅಂತ ಎದ್ದರು. ನಾನು ಬೋರ್ಡಿನ ಮೇಲೆ ರೊಟ್ಟಿ ಬುಟ್ಟಿ ಬೋರಲು ಹಾಕಿ, ಅದರ ಮೇಲೆ ಕಲ್ಲು ಹೇರಿ, ಮನೆಯವರಿಗೆಲ್ಲಾ ತಾಕೀತು ಮಾಡಿ ಮಲಗಿದೆ. ರಾತ್ರಿಯೆಲ್ಲಾ ಕುದುರೆ ಜಿಗಿಯುತ್ತಿತ್ತು.

ಬೆಳಿಗ್ಗೆ ಎದ್ದಾಗ ಬುಟ್ಟಿ ಒಲೆಯ ಪಕ್ಕ ಇತ್ತು. ಅದರ ತುಂಬಾ ಜೋಳದ ರೊಟ್ಟಿ.

“ಹೆದರಬ್ಯಾಡ್ರಿ, ಬೋರ್ಡು ಹಂಗೇ ಅದ” ಅಂದಳು ಹೆಂಡತಿ. ಕಸ ಹೊಡೆಯುವಾಗ ಒಂಚೂರು ಕೈ ತಾಗಿತಂತೆ. ಮಗಳು ಇದ್ದದ್ದು ಇದ್ದ ಹಾಗೆ ಮತ್ತೆ ಜೋಡಿಸಿದಳಂತೆ. ನೋಡಿದೆ. ರಾಜ ಗೋಡೆಗೆ ಇದ್ದ. ಕುದುರೆ ತನ್ನ ಜಾಗದಲ್ಲೇ ಇತ್ತು. ಒಂಟೆ ದೂರದಲ್ಲಿ ಕಿಂಡಿ ಕಾಯುತ್ತಿತ್ತು. ಎಲ್ಲಾ ಸರಿಯಾಗಿದೆ ಅನಿಸಿತು.

ಮಧ್ಯಾಹ್ನ ಚಾಚಾ ಬಂದು ಕೂತರು. ಬೋರ್ಡು ನೋಡಿದರು. ಮೀಸೆಯಂಚಿನಲ್ಲಿ ಏನೋ ಅಲುಗಿತು. ಕನ್ನಡಕ ಒರೆಸಿ ಮತ್ತೊಮ್ಮೆ ನೋಡಿ “ಚಲೋ” ಅಂದರು. ಆಡಿದೆ. ಕುದುರೆ ಸರಿಯಾಗಿಯೇ ಜಿಗಿಯಿತು. ರಾಜನೂ ಕಾವಲಿದ್ದ. ಆದರೂ ಮುಚ್ಚಬೇಕಾದ ಕಿಂಡಿಗೆ ಒಂಟೆ ಒಂದು ಮನೆ ಆಚೆಯೋ ಈಚೆಯೋ ಬೀಳ್ತಿತ್ತು. 35 ಕಾಳು. 38 ಕಾಳು. ಬಿಸಿಲಿಗೆ ನನಗೇ ತಲೆ ತಿರುಗ್ತಿದೆ ಅಂದುಕೊಂಡು ಗಡಿಗೆಯ ನೀರು ಕುಡಿದು ಬಂದು ಆಡಿದೆ. 44ನೇ ಕಾಳಿಗೆ ಮಗಳು ಹಿಂದೆ ಬಂದು ನಿಂತಳು.

“ಅಪ್ಪಾ, ನಿನ್ನೆ ನಿನ್ನ ಒಂಟೆ ಬಿಳಿ ಮನೆಯಲ್ಲಿತ್ತು, ಅಲ್ವಾ?”

ಒಂಟೆ ಕರಿ ಮನೆಯಲ್ಲಿ ನಿಂತಿತ್ತು. ಬೆಳಿಗ್ಗೆಯಿಂದಲೂ ಕರಿ ಮನೆಗಳಲ್ಲೇ ಓಡಾಡುತ್ತಿತ್ತು. ನಾನು ಮೂವತ್ತೊಂದು ಕಾಳು ಖರ್ಚು ಮಾಡಿ ರಾಜನನ್ನು ತಂದು ಕೂರಿಸಿದ್ದ ಬಿಳಿ ಮೂಲೆ ಈಗ ಅವನಿಗೆ ತವರುಮನೆ. ಮಾತ್ ಮಾಡಬೇಕಾದರೆ ಮತ್ತೆ ಗೋಡೆಗುಂಟ ಕರಿ ಮೂಲೆಗೆ, ಅಂದರೆ ಎಲ್ಲಿಂದ ಎಬ್ಬಿಸಿಕೊಂಡು ಬಂದಿದ್ದೆನೋ ಅಲ್ಲಿಗೇ ಒಯ್ಯಬೇಕು. ಬಟ್ಟಲಲ್ಲಿ ಆರು ಕಾಳು.

“ಚಾಚಾ, ನಿಮಗೆ ಗೊತ್ತಾಗಲಿಲ್ವಾ?”

“ಕೂತ ಕೂಡ್ಲೇ ಗೊತ್ತಾತು.”

“ಮತ್ತೆ ಹೇಳಬಾರದಾ?”

“ನನ್ನ ಬಾದಷಾನ ಜೀವದ ಸವಾಲ್ ಇತ್ತು ಬೇಟಾ, ನಾ ಹ್ಯಾಂಗ ಹೇಳ್ಲಿ?” ಅಂದವರು ನನ್ನ ಮುಖ ನೋಡಿ ಕರಗಿದರು. “ಹೋಗ್ಲಿ ಬಿಡು. ನಿಮ್ಮ ಮುತ್ಯಾನ ಲೆಕ್ಕದಾಗ ಇದು ಬುರ್ದ್ ಅದ. ಅರ್ಧಾ ಮಾತ್ ನಿಂದೇ. ಅರ್ಧಾ ಪ್ಲೇಟ್ ಭಜಿ ನಾ ಕೊಡ್ತೀನಿ.”

ಆರು ಕಾಳನ್ನೂ ಆಡಿಯೇ ಮುಗಿಸೋಣ ಅಂತ ನಾನು ಹಠ ಹಿಡಿದೆ. ಕುದುರೆ ಎತ್ತಿದೆ, ಎಲ್ಲಿ ಇಡಬೇಕು ಅಂತ ಗೊತ್ತಾಗಲಿಲ್ಲ. ಅಡುಗೆಮನೆಯಲ್ಲಿ ನನ್ನ ಆನೆ ಮೂರನೇ ಸಲ ಸೀಟಿ ಹೊಡೆಯಿತು.